ಯುಬಿಡಿಟಿಯ ಸರ್ಕಾರಿ ಸೀಟು: ಕಟ್ಟುವ ಶುಲ್ಕಕ್ಕೆ ಸಿಗುವುದೇನು?

ದಾವಣಗೆರೆಯಲ್ಲಿ ಮನೆಯ ಮಗುವಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದರೆ ನೆಂಟರು ಕೇಳುವ ಮೊದಲ ಪ್ರಶ್ನೆ 'ಯಾವ ಬ್ರಾಂಚು?', ಎರಡನೆಯದು 'ಎಷ್ಟಕ್ಕೆ ಆತು?'. ಆ ಬ್ರಾಂಚಿನಲ್ಲಿ ಪಾಠ ಮಾಡುವವರು ಯಾರು, ಎಷ್ಟು ಮಂದಿ ಎಂದು ವಿಚಾರಿಸುವವರು ಕಡಿಮೆ. ಅಣ್ಣನ ಮಗಳ ಸಿಇಟಿ ರ‍್ಯಾಂಕ್ ಬಂದ ಮೇಲೆ ಈ ಲೆಕ್ಕವನ್ನೆಲ್ಲ ಕೂತು ಹಾಕಬೇಕಾಯಿತು. ಅದರಲ್ಲಿ ಹದಡಿ ರಸ್ತೆಯ ಯುಬಿಡಿಟಿ ಕಾಲೇಜಿನ ಸರ್ಕಾರಿ ಸೀಟು ನನ್ನ ಅಂದಾಜಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

1951ರಲ್ಲಿ ಆರಂಭವಾದ ಈ ಕಾಲೇಜು ರಾಜ್ಯದ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲೊಂದು. ದಾನ ನೀಡಿದ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಮನೆತನದ ಹೆಸರನ್ನು ಹೊತ್ತ ಈ ಸಂಸ್ಥೆ ಹಲವು ವಿಶ್ವವಿದ್ಯಾಲಯಗಳ ಕೈ ದಾಟಿ ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜಾಗಿದೆ. ವಿಶ್ವವಿದ್ಯಾಲಯವೇ ನಡೆಸುವುದರಿಂದ ಇಲ್ಲಿನ ಸರ್ಕಾರಿ ಕೋಟಾದ ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಕಡಿಮೆ. ಆದರೆ ಕಾಲೇಜು ಒಂದೇ ಆದರೂ ಶುಲ್ಕ ಒಂದೇ ಇಲ್ಲ. ಅರ್ಧದಷ್ಟು ಸೀಟುಗಳನ್ನು ಹೆಚ್ಚು ಶುಲ್ಕದ ಪೇಮೆಂಟ್ ಕೋಟಾಕ್ಕೆ ಸೇರಿಸಿದ್ದನ್ನು ವಿರೋಧಿಸಿ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದ 'ಯುಬಿಡಿಟಿ ಅಗ್ಗ' ಎಂಬ ಹಳೆಯ ಮಾತನ್ನು ನಂಬಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು) ಮಾಡುವ ಮೊದಲು, ಸೀಟುಗಳ ಪಟ್ಟಿಯಾದ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ತಾವು ನೋಡುತ್ತಿರುವ ಸೀಟು ಯಾವ ಬಗೆಯದು, ಅದರ ಶುಲ್ಕವೆಷ್ಟು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಶುಲ್ಕದ ಮಾತು ಬಂದಾಗ ಬೋಧನಾ ಶುಲ್ಕವನ್ನಷ್ಟೇ ನೋಡುವುದು ನಮ್ಮಲ್ಲಿ ರೂಢಿಯಾಗಿದೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ನಮ್ಮ ಕೈಗೆ ಕೊಟ್ಟ ಹಾಳೆಯಲ್ಲಿ ಬೋಧನಾ ಶುಲ್ಕ ಒಂದು ಸಾಲು. ಅದರ ಕೆಳಗೆ ಕೌಶಲ ತರಬೇತಿ, ಪ್ಲೇಸ್‌ಮೆಂಟ್ ತರಬೇತಿ, ಸಮವಸ್ತ್ರ, ಬಸ್ಸು, 'ಇತರೆ' ಎಂದು ಸಾಲು ಬೆಳೆದಿತ್ತು. 'ಇತರೆ' ಎಂದರೇನು ಎಂದು ಕೇಳಿದರೆ, ಕೌಂಟರಿನಲ್ಲಿದ್ದವರು 'ಎಲ್ಲರೂ ಕಟ್ತಾರೆ ಸರ್' ಎಂದರು. ಇದರ ಮೇಲೆ ಪಿಜಿಯ ಖರ್ಚು ಬೇರೆ. ಊಟ ಸೇರಿ ತಿಂಗಳಿಗೆ 9 ಸಾವಿರ ಎಂದಿಟ್ಟುಕೊಂಡು ವರ್ಷಕ್ಕೆ ಹತ್ತೇ ತಿಂಗಳು ಹಿಡಿದರೂ ನಾಲ್ಕು ವರ್ಷಕ್ಕೆ 3.6 ಲಕ್ಷ ರೂಪಾಯಿ ಆಗುತ್ತದೆ. ಮನೆಯಿಂದಲೇ ಹೋಗಿಬರುವ ದಾವಣಗೆರೆಯ ವಿದ್ಯಾರ್ಥಿಗೆ ಈ ಮೊತ್ತ ಪೂರ್ತಿ ಉಳಿಯುತ್ತದೆ.

ಸಾಲ ಮಾಡುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ವರ್ಷದ ಆರಂಭದಲ್ಲಿ 1 ಲಕ್ಷದಂತೆ ನಾಲ್ಕು ವರ್ಷ ಶಿಕ್ಷಣ ಸಾಲ ಪಡೆದು, ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಕಂತು ಕಟ್ಟದೆ ಬಿಟ್ಟರೆ, ಶೇ 10ರ ಸರಳ ಬಡ್ಡಿಯೇ ಆದರೂ ಮೊದಲ ಕಂತು ಕಟ್ಟುವ ಹೊತ್ತಿಗೆ 1.4 ಲಕ್ಷ ಬಡ್ಡಿ ಬೆಳೆದಿರುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯು (ಸೂಪರ್‌ನ್ಯೂಮರರಿ ಕೋಟಾ) ಸೀಟಿನಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳದೆ ಈ ಸೌಲಭ್ಯ ಕಳೆದುಕೊಳ್ಳುವವರು ಇದ್ದಾರೆ.

ಇನ್ನು ಗುಣಮಟ್ಟ. ಇದರಲ್ಲಿ ಕಾಲೇಜಿನ ಹೆಸರಿಗಿಂತ ಬ್ರಾಂಚಿನ ಸ್ಥಿತಿ ಮುಖ್ಯ ಎಂಬುದೇ ನನ್ನ ಅಭಿಪ್ರಾಯ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆ ಕೊಡುವುದು ಇಡೀ ಸಂಸ್ಥೆಗೆ. ತಾಂತ್ರಿಕ ಕೋರ್ಸುಗಳನ್ನು ಪರಿಶೀಲಿಸುವ ಎನ್‌ಬಿಎ ಮಾನ್ಯತೆ ಕೊಡುವುದು ಬ್ರಾಂಚಿಗೆ, ಅದೂ ನಿಗದಿತ ಅವಧಿಗೆ. ಗೇಟಿನ ಮೇಲೆ 'ಎನ್‌ಬಿಎ ಮಾನ್ಯತೆ ಪಡೆದ ಸಂಸ್ಥೆ' ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೂ ನಿಮ್ಮ ಮಗಳು ಸೇರುವ ಬ್ರಾಂಚಿಗೆ ಅದು ಇಲ್ಲದಿರಬಹುದು, ಇದ್ದದ್ದು ಮುಗಿದಿರಲೂಬಹುದು. ಎರಡು ತಂಡಗಳು ಓದಿ ಹೊರಬರುವವರೆಗೆ ಹೊಸ ಬ್ರಾಂಚು ಈ ಮಾನ್ಯತೆಗೆ ಅರ್ಜಿ ಹಾಕುವಂತೆಯೇ ಇಲ್ಲ. ಹಾಗಾಗಿ ಇತ್ತೀಚೆಗೆ ತೆರೆದ ಡೇಟಾ ಸೈನ್ಸ್, ಎಐ ಹೆಸರಿನ ಬ್ರಾಂಚುಗಳಿಗೆ ಹೆಚ್ಚು ಹಣ ಕೊಡುವ ಮೊದಲು ಅಲ್ಲಿ ಬೋಧಿಸುವವರ ಪಟ್ಟಿಯನ್ನು, ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇ ಕಡ್ಡಾಯ ಮಾಡಿರುವ, ಕಾಲೇಜಿನ ಜಾಲತಾಣದ ಮಾಹಿತಿ ಪುಟದಲ್ಲಿ ನೋಡುವುದು ಒಳ್ಳೆಯದು. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂಬುದು ಎಐಸಿಟಿಇ ಅನುಪಾತ; ಸೀಟುಗಳು ದುಪ್ಪಟ್ಟಾದ ಕಡೆ ಬೋಧಕರ ಪಟ್ಟಿಯೂ ಉದ್ದವಾಗಿದೆಯೇ ಎಂದು ಎಣಿಸಿದರೆ ಸಾಕು.

ಪ್ರಯೋಗಾಲಯವನ್ನು ಕಣ್ಣಾರೆ ಕಾಣದೆ ಯಾವ ಕಾಲೇಜನ್ನೂ ಒಪ್ಪಬಾರದು. ನಾವು ಹೋಗಿದ್ದ ಒಂದು ಕಾಲೇಜಿನಲ್ಲಿ ಆಸಿಲೋಸ್ಕೋಪುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದೇ ಇರಲಿಲ್ಲ, ಅದರ ಮೇಲೆ ಧೂಳು ಕೂತಿತ್ತು. ವರ್ಕ್‌ಶಾಪಿನಲ್ಲಾದರೆ ಲೇತ್ ಯಂತ್ರದ ಕೆಳಗೆ ಕಬ್ಬಿಣದ ಸುರುಳಿ ಚೂರುಗಳು ಬಿದ್ದಿವೆಯೇ ಎಂದು ಬಗ್ಗಿ ನೋಡಬೇಕು. ಬಿದ್ದಿದ್ದರೆ ಅಲ್ಲಿ ಯಾರೋ ಕೆಲಸ ಮಾಡಿದ್ದಾರೆ. ಪ್ರಾಂಶುಪಾಲರ ಕೊಠಡಿಯಲ್ಲಿ ಕೊಡುವ ಬಣ್ಣದ ಪುಸ್ತಿಕೆಗಿಂತ ಕ್ಯಾಂಟೀನಿನಲ್ಲಿ ಕೂತ ಮೂರನೇ ವರ್ಷದ ಹುಡುಗನ ಹತ್ತು ನಿಮಿಷದ ಮಾತು ಹೆಚ್ಚು ತಿಳಿಸುತ್ತದೆ.

ಈ ಎಲ್ಲವನ್ನೂ ತೂಗಿ ನೋಡಿದರೆ, ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಮೂಲ ಬ್ರಾಂಚುಗಳಲ್ಲಿ ಯುಬಿಡಿಟಿಯ ಸರ್ಕಾರಿ ಸೀಟು ದಾವಣಗೆರೆಯ ವಿದ್ಯಾರ್ಥಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲದ ಆಯ್ಕೆ. ಬೆಂಗಳೂರಿನ ಸಾಧಾರಣ ಕಾಲೇಜೊಂದರ ಮ್ಯಾನೇಜ್‌ಮೆಂಟ್ ಸೀಟಿಗಿಂತ ಇದನ್ನು ನಾನು ಮೇಲೆ ಇಡುತ್ತೇನೆ. ಆದರೆ ಇಲ್ಲಿನ ಪೇಮೆಂಟ್ ಸೀಟಿನ ಮಾತು ಬೇರೆ. ಆ ದರಕ್ಕೆ ಹೋಗುವುದಾದರೆ ಶಾಮನೂರು ರಸ್ತೆಯಲ್ಲಿರುವ, 1979ರಲ್ಲಿ ಆರಂಭವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನ ಸರ್ಕಾರಿ ಕೋಟಾದ ಸೀಟನ್ನು ಪಕ್ಕದಲ್ಲಿಟ್ಟು ಬ್ರಾಂಚಿಗೆ ಬ್ರಾಂಚು ಹೋಲಿಸಿಯೇ ತೀರ್ಮಾನಿಸಬೇಕು. ಊರಿನ ಇನ್ನೊಂದು ಎಂಜಿನಿಯರಿಂಗ್ ಕಾಲೇಜಾದ ಜಿಎಂಐಟಿ ಈಗ ಜಿಎಂ ವಿಶ್ವವಿದ್ಯಾಲಯವಾಗಿರುವುದರಿಂದ ಅಲ್ಲಿ ಸೇರುವವರು ಪದವಿ ವಿಟಿಯುವಿನದಲ್ಲ ಎಂಬುದನ್ನು ತಿಳಿದು ಮುಂದುವರಿಯಲಿ.

ಚಿತ್ರದುರ್ಗದವರ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ. ಅಲ್ಲಿ 1980ರಿಂದ ಎಸ್‌ಜೆಎಂಐಟಿ ಎಂಬ ಎಂಜಿನಿಯರಿಂಗ್ ಕಾಲೇಜು ಇದೆ, ಚಳ್ಳಕೆರೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಬಂದುಹೋಗುವುದು ಲ್ಯಾಬ್ ಸಂಜೆಯವರೆಗೆ ನಡೆಯುವ ದಿನಗಳಲ್ಲಿ ಮಕ್ಕಳನ್ನು ಹಣ್ಣು ಮಾಡುತ್ತದೆ. ಹಾಸ್ಟೆಲ್ ಖರ್ಚನ್ನು ಸೇರಿಸಿದ ಮೇಲೂ ಯುಬಿಡಿಟಿ ಅಗ್ಗವೆನಿಸಿದರೆ ಮಾತ್ರ ಅದನ್ನು ಆಪ್ಷನ್ ಪಟ್ಟಿಯಲ್ಲಿ ಊರಿನ ಕಾಲೇಜಿಗಿಂತ ಮೇಲೆ ಹಾಕಬಹುದು. ಏಕೆಂದರೆ ಮೇಲಿನ ಆಯ್ಕೆ ಹಂಚಿಕೆಯಾದರೆ ಅದರ ಕೆಳಗಿನವು ಮುಂದಿನ ಸುತ್ತಿಗೆ ಉಳಿಯುವುದಿಲ್ಲ.