ಬಿಸಿಯಾಗಿ ಆಫ್ ಆಗುವ ಲ್ಯಾಪ್‌ಟಾಪ್: ಕೂಲಿಂಗ್ ಪ್ಯಾಡ್, ಸೆಟ್ಟಿಂಗ್, ಕ್ಲೀನಿಂಗ್ – ಯಾವುದು ವಾಸಿ?

ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಮಾಮೂಲು. ಅಂಥದ್ದರಲ್ಲಿ ಹಳೇ ಲ್ಯಾಪ್‌ಟಾಪ್ ಬಿಸಿಯಾಗುವುದು ಇದ್ದದ್ದೇ. ಆದರೆ ವಿಡಿಯೋ ಕಾಲ್ ನಡೆಯುತ್ತಿರುವಾಗಲೇ ಫಟ್ ಅಂತ ಆಫ್ ಆಗಿಬಿಟ್ಟರೆ? ನನ್ನದರಲ್ಲಿರುವುದು ಇಂಟೆಲ್ ಐ5-8250ಯು. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಮೇಲೂ ಬಿಸಿ ಏರಿದರೆ ಸುಟ್ಟುಹೋಗಬಾರದು ಅಂತ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತದೆ.

ಬಿಸಿಯೇ ಕಾರಣವಾ ಅಂತ ಮೊದಲು ನೋಡಿಕೊಳ್ಳಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಏನೇನಾಯಿತು ಅಂತ ದಾಖಲಾಗುವ ಜಾಗ) ಕಾಣುವ 'ಕರ್ನಲ್-ಪವರ್ 41' ನಂಬಿ ಕೂರಬೇಡಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದನ್ನು ಬಿಟ್ಟು ಅದು ಬೇರೇನೂ ಹೇಳುವುದಿಲ್ಲ. ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯುಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ ಡಿಗ್ರಿ ಕಣ್ಣೆದುರೇ ಇರುತ್ತದೆ. ನನ್ನದು ಆಫ್ ಆಗುವ ಮುಂಚೆ 98, 99 ತೋರಿಸುತ್ತಿತ್ತು.

ಎಲ್ಲರೂ ಮೊದಲು ಹೇಳುವುದು ಕೂಲಿಂಗ್ ಪ್ಯಾಡ್. ಇಟ್ಟೆ, ನಾಲ್ಕೈದು ಡಿಗ್ರಿ ಇಳಿಯಿತು, ಸದ್ದು ಜಾಸ್ತಿಯಾಯಿತು. ದೊಡ್ಡ ಫೈಲ್ ತೆರೆದರೆ ಮತ್ತೆ ಆಫ್. ಪ್ಯಾಡಿನ ಗಾಳಿ ತಳಕ್ಕೆ ಬಡಿಯುತ್ತದೆ, ಒಳಗೆ ದಾರಿಯೇ ಕಟ್ಟಿಕೊಂಡಿದ್ದರೆ ಏನು ಪ್ರಯೋಜನ? ನಿಜ ಹೇಳಬೇಕೆಂದರೆ ಹಿಂದಿನ ಅಂಚಿನ ಕೆಳಗೆ ಎರಡು ಬಾಟಲ್ ಮುಚ್ಚಳ ಇಟ್ಟಾಗಲೂ ಹೆಚ್ಚುಕಡಿಮೆ ಇಷ್ಟೇ ಇಳಿಯಿತು.

ಪುಕ್ಕಟೆ ಉಪಾಯ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿದೆ. 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100 ಇರುವುದನ್ನು 99 ಮಾಡಿ. ಕೇಳಲು ತಮಾಷೆ, ಆದರೆ ಆ ಒಂದಂಕಿ ಕಡಿಮೆಯಾದರೆ ಟರ್ಬೋ, ಅಂದರೆ ಪ್ರೊಸೆಸರ್ ಬೇಕಾದಾಗ ಮಾಮೂಲಿಗಿಂತ ವೇಗ ಏರಿಸಿಕೊಳ್ಳುವುದು, ನಿಂತುಹೋಗುತ್ತದೆ. 3.4 ಗಿಗಾಹರ್ಟ್ಸ್‌ವರೆಗೆ ಜಿಗಿಯುತ್ತಿದ್ದದ್ದು 1.6ರ ಆಸುಪಾಸಿನಲ್ಲೇ ಉಳಿಯುತ್ತದೆ. ಬಿಸಿ 70ರ ಸುತ್ತ ನಿಂತಿತು, ಆಫ್ ಆಗುವುದೂ ನಿಂತಿತು. ಟೈಪಿಂಗ್, ಬ್ರೌಸಿಂಗ್‌ಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ವಿಡಿಯೋ ಎಡಿಟಿಂಗ್‌ಗೆ ಮಾತ್ರ ತಾಳ್ಮೆ ಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣಿಸುವುದೇ ಇಲ್ಲ.

ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್‌ನಿಂದ ಪ್ರೊಸೆಸರ್‌ನ ವೋಲ್ಟೇಜ್ ಇಳಿಸಿ ಬಿಸಿ ಕಡಿಮೆ ಮಾಡುವುದು ಇನ್ನೊಂದು ದಾರಿ. 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಿದ್ದ ಮೇಲೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ನಲ್ಲಿ ಅದಕ್ಕೆ ಬೀಗ ಬಿತ್ತು. ನನ್ನದರಲ್ಲೂ ಹಾಗೇ.

ಕೊನೆಗೆ ಕೆಲಸ ಮಾಡಿದ್ದು ಕ್ಲೀನಿಂಗ್. ಹೊರಗಿನಿಂದ ಸುಮ್ನೆ ಬ್ಲೋವರ್ ಹಿಡಿದರೆ ಸಾಲದು. ತಳದ ಸ್ಕ್ರೂ ಬಿಚ್ಚಿ ನೋಡಿದಾಗ ಫ್ಯಾನಿಗೂ ತಾಮ್ರದ ಪೈಪಿನ ತುದಿಯ ಜಾಲರಿಗೂ ನಡುವೆ ಬೂದು ಬಣ್ಣದ ಧೂಳು, ಹಳೇ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಳ್ಳಿ. ಬ್ಯಾಟರಿ ಕನೆಕ್ಟರ್ ಮೊದಲೇ ಕಳಚಿರಬೇಕು, ಇದನ್ನು ಮಾತ್ರ ಮರೆಯಬೇಡಿ.

ಅದೇ ಕೈಯಲ್ಲಿ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ತಾಮ್ರದ ಪೈಪಿಗೆ ದಾಟಿಸುವ ಲೇಪ) ಕೂಡ ಬದಲಾಯಿಸಿದೆ. ಹಳೆಯದು ಒಣಗಿ ಪುಡಿಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಆರ್ಕ್‌ಟಿಕ್ ಎಂಎಕ್ಸ್-4 ಎಂಬ ಹೊಸ ಪೇಸ್ಟ್ ತೆಳ್ಳಗೆ ಸವರಿದೆ. ಈಗ ಟರ್ಬೋ ಇಟ್ಟುಕೊಂಡೇ ಅದೇ ಕೆಲಸಕ್ಕೆ 80 ದಾಟುವುದು ಅಪರೂಪ.

ನನ್ನನ್ನು ಕೇಳಿದರೆ ಇವತ್ತೇ 99 ಮಾಡಿ, ಬಿಡುವಾದಾಗ ಕ್ಲೀನ್ ಮಾಡಿಸಿ, ಪ್ಯಾಡಿನ ದುಡ್ಡು ಉಳಿಸಿ. ಬಿಚ್ಚಲು ಧೈರ್ಯ ಸಾಲದಿದ್ದರೆ ರಿಪೇರಿಯವರಿಗೆ ಕೊಡಿ, ಆದರೆ ತಳ ಬಿಚ್ಚಿಯೇ ಕ್ಲೀನ್ ಮಾಡಲು ಹೇಳಿ. ಇನ್ನು 60 ಡಿಗ್ರಿಯಲ್ಲೇ ಆಫ್ ಆಗುತ್ತಿದ್ದರೆ ಇದ್ಯಾವುದೂ ಬೇಡ. ಚಾರ್ಜರ್ ತೆಗೆದು ಒಮ್ಮೆ, ಹಾಕಿ ಒಮ್ಮೆ ಓಡಿಸಿ ನೋಡಿ. ಚಾರ್ಜರ್ ಇಲ್ಲದಾಗ ಮಾತ್ರ ಆಫ್ ಆದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕಾದ್ದು ಆಗ.