ಸುಂಟಿಕೊಪ್ಪದಿಂದ ದುಬೈಗೆ ಆಂಥೂರಿಯಂ: ನಿಗದಿತ ವಿಮಾನವೋ, ಚಾರ್ಟರೋ?

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ, ವಿಮಾನದಲ್ಲಿ ಸರಕು ಕಳಿಸುವ ನಮ್ಮ ಲೆಕ್ಕಾಚಾರವೆಲ್ಲ ಪಿಕಪ್ ಗಾಡಿಯಿಂದಲೇ ಆರಂಭವಾಗುತ್ತದೆ. ಕಳೆದ ಡಿಸೆಂಬರಿನಲ್ಲಿ ಸುಂಟಿಕೊಪ್ಪ ಮತ್ತು ಮಾದಾಪುರದ ಸುತ್ತಿನ ಐದು ಮನೆಯವರು ಸೇರಿ, ದುಬೈನಲ್ಲಿ ಮದುವೆ ಅಲಂಕಾರದ ಗುತ್ತಿಗೆ ಮಾಡುವವರೊಬ್ಬರಿಗೆ ಎರಡು ಕಂತುಗಳಲ್ಲಿ ಆಂಥೂರಿಯಂ ಹೂವನ್ನು ಕಳಿಸಿದೆವು. ಕಾಫಿ ಕೊಯ್ಲು ಶುರುವಾಗಿ ಆಳು ಸಿಗದ ದಿನಗಳಾದ್ದರಿಂದ ಹೂ ಕತ್ತರಿಸಿ, ಪ್ರತಿ ಹೂವಿಗೂ ತೆಳು ಪ್ಲಾಸ್ಟಿಕ್ ಹೊದಿಸಿ, ದಂಟಿನ ತುದಿಗೆ ನೀರಿನ ಪುಟ್ಟ ಕೊಳವೆ ಸಿಕ್ಕಿಸಿ ಪೆಟ್ಟಿಗೆಗೆ ತುಂಬುವ ಕೆಲಸವನ್ನು ಮನೆಯವರೇ ಮಾಡಬೇಕಾಯಿತು. ಕಳಿಸುವ ಮೊದಲು ನಿಗದಿತ ವೇಳಾಪಟ್ಟಿಯ ವಿಮಾನಕ್ಕೂ ಚಾರ್ಟರ್‌ಗೂ, ಅಂದರೆ ಇಡಿಯಾಗಿ ಬಾಡಿಗೆಗೆ ಹಿಡಿಯುವ ವಿಮಾನಕ್ಕೂ, ದರ ತರಿಸಿಕೊಂಡಿದ್ದೆವು. ಆ ಎರಡು ಸೇವೆಗಳ ವಿಚಾರವಾಗಿ ಈ ವಿಮರ್ಶೆ.

ಚಾರ್ಟರ್ ವಿಚಾರವನ್ನು ಎತ್ತಿದವರು ನಮ್ಮ ಗುಂಪಿನ ಹಿರಿಯರು. ಮದುವೆ ಮುಗಿದ ಮೇಲೆ ತಲುಪಿದ ಹೂವಿಗೆ ಕಾಸೂ ಹುಟ್ಟುವುದಿಲ್ಲ, ಆದ್ದರಿಂದ "ನಮ್ಮದೇ ವಿಮಾನ ಅಂತಾದರೆ ಗಾಡಿ ಪಿರಿಯಾಪಟ್ಟಣದಲ್ಲಿ ಪಂಚರ್ ಆದರೂ ಕಾಯ್ತದಲ್ಲ" ಎಂಬುದು ಅವರ ವಾದವಾಗಿತ್ತು. ವಾದದಲ್ಲಿ ಹುರುಳಿಲ್ಲ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಬೆಂಗಳೂರಿನ ಚಾರ್ಟರ್ ದಲ್ಲಾಳಿಯೊಬ್ಬರಿಗೆ ಕರೆ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ ತೂಕದ್ದಲ್ಲ, ಪೆಟ್ಟಿಗೆಯ ಅಳತೆಯದು. ನಮ್ಮ ಪೆಟ್ಟಿಗೆ 100 ಸೆಂ.ಮೀ. ಉದ್ದ, 45 ಅಗಲ, 25 ಎತ್ತರ. ತುಂಬಿದ ಮೇಲೆ ತಕ್ಕಡಿಯಲ್ಲಿ 8 ಕಿಲೋ. ವಿಮಾನ ಸರಕಿನಲ್ಲಿ ಈ ಮೂರು ಅಳತೆಗಳನ್ನು ಗುಣಿಸಿ 6,000ದಿಂದ ಭಾಗಿಸಿದರೆ ಬರುವ ಗಾತ್ರ ತೂಕ ಮತ್ತು ತಕ್ಕಡಿಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ನಮ್ಮ ಒಂದು ಪೆಟ್ಟಿಗೆಯ ಗಾತ್ರ ತೂಕ 18.75 ಕಿಲೋ ಆಯಿತು. ಮೊದಲ ಕಂತಿನ 112 ಪೆಟ್ಟಿಗೆಗಳು ತಕ್ಕಡಿಯಲ್ಲಿ 896 ಕಿಲೋ ತೂಗಿದರೂ ಬಾಡಿಗೆ ಬಿದ್ದದ್ದು 2,100 ಕಿಲೋಗೆ. ಕಾಳುಮೆಣಸೋ ಕಾಫಿಯೋ ಕಳಿಸುವವರಿಗೆ ಈ ತಲೆನೋವಿಲ್ಲ. ಹೂ ಕಳಿಸುವವರು ಮಾತ್ರ ಗಾಳಿಗೂ ದುಡ್ಡು ಕೊಡಬೇಕು. ಪೆಟ್ಟಿಗೆಯ ಎತ್ತರವನ್ನು 25ರಿಂದ 22 ಸೆಂ.ಮೀ.ಗೆ ಇಳಿಸಿದ್ದರೆ ಪೆಟ್ಟಿಗೆಯೊಂದಕ್ಕೆ 2 ಕಿಲೋಗಿಂತ ಹೆಚ್ಚು ಉಳಿಯುತ್ತಿತ್ತು ಎಂಬುದು ಆಮೇಲೆ ಹೊಳೆಯಿತು.

ಚಾರ್ಟರ್‌ನಲ್ಲಿ ಕಿಲೋ ಲೆಕ್ಕವೇ ಇರುವುದಿಲ್ಲ. ಇಡೀ ವಿಮಾನವನ್ನು ಬಾಡಿಗೆಗೆ ಹಿಡಿಯುವುದರಿಂದ ತುಂಬಿದರೂ ಖಾಲಿ ಬಿಟ್ಟರೂ ಹಣ ಅಷ್ಟೇ. ದಲ್ಲಾಳಿಯವರು ಹೇಳಿದ ವಿಮಾನ ಬೋಯಿಂಗ್ 737-800ರ ಸರಕು ಮಾದರಿ. ಅದು ಸುಮಾರು 23 ಟನ್ ಹೊರುತ್ತದೆ, ಪೂರ್ತಿ ಹೊರೆಯೊಂದಿಗೆ ಸುಮಾರು 3,700 ಕಿ.ಮೀ. ಹಾರುತ್ತದೆ, ಆದ್ದರಿಂದ ದುಬೈ ಅದಕ್ಕೆ ಒಂದೇ ಹಾರಾಟದ ದಾರಿ. ಆದರೆ ಆ ವಿಮಾನ ಎಲ್ಲಿ ನಿಂತಿದೆಯೋ ಅಲ್ಲಿಂದ ಬೆಂಗಳೂರಿಗೆ ಖಾಲಿ ಬರುವ ಖರ್ಚು, ಮರಳುವಾಗ ಸರಕು ಸಿಗದಿದ್ದರೆ ಆ ಖಾಲಿ ಹಾರಾಟದ ಖರ್ಚು, ಇಂಧನ, ಸಿಬ್ಬಂದಿ, ಎರಡೂ ಕಡೆಯ ಇಳಿದಾಣ ಶುಲ್ಕ, ದಾರಿಯ ದೇಶಗಳ ಆಕಾಶ ದಾಟುವ ಅನುಮತಿ ಎಲ್ಲವೂ ಬಾಡಿಗೆದಾರರ ತಲೆಯ ಮೇಲೆಯೇ. ಹಾರುವ ಮೊದಲು ಪೂರ್ತಿ ಹಣ ಕಟ್ಟಬೇಕು, ರದ್ದು ಮಾಡಿದರೆ ದಿನ ಹತ್ತಿರವಾದಷ್ಟೂ ದಂಡ ಏರುತ್ತದೆ. ನಮ್ಮ ಹೂವಿನಿಂದ ಆ ವಿಮಾನದ ಹತ್ತರಲ್ಲೊಂದು ಭಾಗವೂ ತುಂಬುತ್ತಿರಲಿಲ್ಲ. ಕಿಲೋ ಲೆಕ್ಕಕ್ಕೆ ಇಳಿಸಿ ನೋಡಿದಾಗ ಹಿರಿಯರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಕಾಯ್ತದಲ್ಲ" ಎಂಬ ಮಾತಿನ ಬಗ್ಗೆಯೂ ದಲ್ಲಾಳಿಯವರನ್ನು ಕೇಳಿದೆ. ಕಾಯುತ್ತದೆ, ಆದರೆ ಗಂಟೆಗಳ ಲೆಕ್ಕದಲ್ಲಿ ಮಾತ್ರ: ಪೈಲಟ್‌ಗಳ ಕರ್ತವ್ಯದ ಅವಧಿಗೆ ಮಿತಿಯಿದೆ, ನಿಲ್ದಾಣ ಕೊಟ್ಟ ಸಮಯ ತಪ್ಪಿದರೆ ಮತ್ತೆ ಕೇಳಿಕೊಳ್ಳಬೇಕು, ನಿಲುಗಡೆಯ ಶುಲ್ಕವೂ ಓಡುತ್ತಿರುತ್ತದೆ ಎಂದರು. ಕೊನೆಗೆ ಅವರೇ "ಸಾರ್, 2 ಟನ್ನಿಗೆ ಇದು ಬೇಡ, ದಿನಕ್ಕೆ ನಾಲ್ಕಾರು ವಿಮಾನ ಹೋಗುವ ಊರಿಗೆ ಯಾಕೆ ಚಾರ್ಟರ್" ಎಂದುಬಿಟ್ಟರು. ತಮ್ಮ ವ್ಯಾಪಾರವನ್ನೇ ಬೇಡವೆಂದ ಆ ಪ್ರಾಮಾಣಿಕತೆಗೆ ಈ ವಿಮರ್ಶೆಯಲ್ಲಿ ಪೂರ್ತಿ ಅಂಕ ಕೊಡುತ್ತೇನೆ.

ಹಾಗಾಗಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಹೊರಡುವ ಪ್ರಯಾಣಿಕರ ವಿಮಾನವೊಂದರ ಹೊಟ್ಟೆಯಲ್ಲಿ, ಸರಕು ಸಾಗಣೆ ಏಜೆನ್ಸಿಯೊಂದರ ಮೂಲಕ ಜಾಗ ಕಾಯ್ದಿರಿಸಿದೆವು. ವಿಮಾನ ಬೆಳಗಿನ ಜಾವ 4 ಗಂಟೆಗೆ. ಹೂ ಏಜೆನ್ಸಿಯ ಗೋದಾಮಿಗೆ ಹಿಂದಿನ ದಿನ ಸಂಜೆ 6ಕ್ಕೆ ಮುಟ್ಟಬೇಕು, ಅಲ್ಲಿ ಪರಿಶೀಲನೆ ಮುಗಿದು ರಾತ್ರಿ 10ಕ್ಕೆ ವಿಮಾನ ಸಂಸ್ಥೆಗೆ ಒಪ್ಪಿಸಬೇಕು. ಸುಂಟಿಕೊಪ್ಪದಿಂದ ಬೆಳಿಗ್ಗೆ 9ಕ್ಕೆ ಹೊರಟ ಗಾಡಿ ಕುಶಾಲನಗರ, ಹುಣಸೂರು, ಮೈಸೂರು ದಾಟಿ 2023ರಲ್ಲಿ ಉದ್ಘಾಟನೆಯಾದ ದಶಪಥ ರಸ್ತೆಯಲ್ಲಿ ಸಲೀಸಾಗಿ ಓಡಿದರೂ, ಬೆಂಗಳೂರಿನೊಳಗೆ ಸಿಕ್ಕಿಕೊಂಡು 5:20ಕ್ಕೆ ಮುಟ್ಟಿತು. ಸಸ್ಯ ಆರೋಗ್ಯ ಪ್ರಮಾಣಪತ್ರ, ಇನ್ವಾಯ್ಸ್, ಪ್ಯಾಕಿಂಗ್ ಪಟ್ಟಿ ಎಲ್ಲವನ್ನೂ ಏಜೆನ್ಸಿಯವರು ಚುರುಕಾಗಿ ಮುಗಿಸಿ, ವಿಮಾನ ಸರಕಿನ ರಸೀದಿಯಾದ ಏರ್‌ವೇ ಬಿಲ್‌ನ 11 ಅಂಕಿಗಳ ಸಂಖ್ಯೆಯನ್ನು ಮೊಬೈಲಿಗೆ ಕಳಿಸಿದರು. ಮೊದಲ ಮೂರು ಅಂಕಿ ವಿಮಾನ ಸಂಸ್ಥೆಯದು. ಅದನ್ನು ಹಿಡಿದು ಪೆಟ್ಟಿಗೆಗಳು ಎಲ್ಲಿವೆ ಎಂದು ಮನೆಯಲ್ಲೇ ಕುಳಿತು ನೋಡಬಹುದು. ಇಲ್ಲಿಯವರೆಗೆ ದೂರು ಹೇಳುವಂತಹದ್ದೇನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ದುಬೈನಿಂದ ಫೋಟೋಗಳು ಬಂದವು. 112ರಲ್ಲಿ 26 ಪೆಟ್ಟಿಗೆಗಳ ಕೆಂಪು ಹೂವುಗಳ ಅಂಚು ನೀಲಿಗಪ್ಪಾಗಿ, ಮುಟ್ಟಿದರೆ ನೀರು ಒಸರುವಂತೆ ಆಗಿತ್ತು. ವಿಚಾರಿಸುತ್ತ ಹೋದಾಗ ತಿಳಿದದ್ದು ಇಷ್ಟು: ಏಜೆನ್ಸಿಯ ಗೋದಾಮಿನಲ್ಲಿ ಅಷ್ಟು ಪೆಟ್ಟಿಗೆಗಳನ್ನು ಗುಲಾಬಿಯ ಜೊತೆಗೆ ಅದೇ ಕೋಲ್ಡ್ ರೂಮಿನಲ್ಲಿ ನಾಲ್ಕು ತಾಸು ಇಟ್ಟಿದ್ದರು. ಗುಲಾಬಿಗೆ 2ರಿಂದ 4 ಡಿಗ್ರಿ ಹಿತ. ಆಂಥೂರಿಯಂ ಉಷ್ಣವಲಯದ ಗಿಡ, ಸುಮಾರು 12 ಡಿಗ್ರಿಗಿಂತ ಕೆಳಗೆ ಹೋದರೆ ಹೂ ಚಳಿಗೆ ಸುಟ್ಟುಹೋಗುತ್ತದೆ. "ಹೂ ಅಂದ್ರೆ ಹೂ ತಾನೇ ಸಾರ್" ಎಂದ ಗೋದಾಮಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಡದ, ನಾವು ಬುಕಿಂಗ್‌ನಲ್ಲಿ ಬರೆದುಕೊಟ್ಟಿದ್ದ ಸೂಚನೆಯನ್ನು ಕೆಳಗೆ ಮುಟ್ಟಿಸದ ಏಜೆನ್ಸಿಯ ಮೇಲಿದೆ.

ಪರಿಹಾರದ ವಿಚಾರದಲ್ಲಿ ಹೊಸಬರು ತಿಳಿದಿರಬೇಕಾದದ್ದು ಇದೆ. ಅಂತರರಾಷ್ಟ್ರೀಯ ವಿಮಾನ ಸರಕಿಗೆ ಹಾನಿಯಾದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಸರಕು ಕೈಸೇರಿದ 14 ದಿನಗಳೊಳಗೆ ವಿಮಾನ ಸಂಸ್ಥೆಗೆ ಲಿಖಿತ ದೂರು ಕೊಡಬೇಕು, ತಡವಾದದ್ದಕ್ಕೆ 21 ದಿನ. ಸರಕಿನ ಮೌಲ್ಯವನ್ನು ಮೊದಲೇ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟಿರದಿದ್ದರೆ ಪರಿಹಾರಕ್ಕೆ ಮಿತಿಯಿದೆ. 2024ರ ಡಿಸೆಂಬರ್ 28ರಿಂದ ಅದು ಕಿಲೋಗೆ 22ರಿಂದ 26 ಎಸ್‌ಡಿಆರ್‌ಗೆ, ಅಂದರೆ ಐಎಂಎಫ್‌ನ ಲೆಕ್ಕದ ಹಣಕ್ಕೆ, ಏರಿದೆ. ಆದರೆ ನಮ್ಮ ಹಾನಿಯಾದದ್ದು ವಿಮಾನ ಸಂಸ್ಥೆ ಸರಕನ್ನು ಸ್ವೀಕರಿಸುವ ಮೊದಲು. ಆದ್ದರಿಂದ ಆ ಒಪ್ಪಂದ ನಮ್ಮ ಕೈಗೆ ಬರಲಿಲ್ಲ. ಏಜೆನ್ಸಿಯವರೊಡನೆ ಮೂರು ವಾರ ಮಾತುಕತೆ ನಡೆದು, ಕೊನೆಗೆ ಆ 26 ಪೆಟ್ಟಿಗೆಗಳ ಬಾಡಿಗೆಯನ್ನು ಮಾತ್ರ ಬಿಟ್ಟುಕೊಟ್ಟರು. ಹೂವಿನ ಬೆಲೆ ಹೋಯಿತು.

ಎರಡನೆಯ ಕಂತಿನ 40 ಪೆಟ್ಟಿಗೆಗಳನ್ನು ಬೇರೆ ಏಜೆನ್ಸಿಗೆ ಕೊಟ್ಟೆವು. ಪ್ರತಿ ಪೆಟ್ಟಿಗೆಯ ಮೇಲೂ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ದಪ್ಪ ಅಕ್ಷರದಲ್ಲಿ "13 ಡಿಗ್ರಿಗಿಂತ ಕೆಳಗೆ ಇಡಬೇಡಿ" ಎಂದು ಅಂಟಿಸಿ, ಗಾಡಿಯ ಜೊತೆಗೆ ನಾನೇ ಹೋಗಿ ಗೋದಾಮಿನಲ್ಲಿ ನಿಂತೆ. ಈ ಸಲ ವಿಮಾನವೇ ಕೈಕೊಟ್ಟಿತು: ಪ್ರಯಾಣಿಕರ ಸಾಮಾನು ಹೆಚ್ಚಾಗಿ ನಮ್ಮ ಪೆಟ್ಟಿಗೆಗಳನ್ನು ಆಫ್‌ಲೋಡ್ ಮಾಡಿದರು, ಅಂದರೆ ಆ ವಿಮಾನಕ್ಕೆ ಹತ್ತಿಸದೆ ಬಿಟ್ಟರು. ಪ್ರಯಾಣಿಕರ ವಿಮಾನದಲ್ಲಿ ಸರಕಿಗೆ ಸಿಗುವುದು ಉಳಿದ ಜಾಗ ಮಾತ್ರ, ಇದು ಆ ಸೇವೆಯ ಹುಟ್ಟುಗುಣ. ಆದರೆ ಹತ್ತು ತಾಸಿನ ಬಳಿಕ ಹೊರಟ ಮುಂದಿನ ವಿಮಾನದಲ್ಲಿ ಅವು ಹೋದವು, ಒಂದು ಹೂವೂ ಕೆಡದೆ ಮುಟ್ಟಿದವು. ಸರಿಯಾಗಿ ನೋಡಿಕೊಂಡರೆ ಎರಡು ವಾರ ಬಾಳುವ ಆಂಥೂರಿಯಂಗೆ ಹತ್ತು ತಾಸು ಏನೂ ಅಲ್ಲ, ನಾಲ್ಕು ತಾಸಿನ ತಪ್ಪು ಚಳಿಯೇ ಎಲ್ಲ. ಚಾರ್ಟರ್ ಹಿಡಿದಿದ್ದರೂ ಮೊದಲ ಕಂತಿನ ಹೂ ಅದೇ ಕೋಲ್ಡ್ ರೂಮಿನಲ್ಲಿ ಸುಟ್ಟುಹೋಗುತ್ತಿತ್ತು.

ಕಣ್ಣೂರು ನಿಲ್ದಾಣವನ್ನು ಯಾಕೆ ಬಳಸಲಿಲ್ಲ ಎಂದು ವಿರಾಜಪೇಟೆಯವರು ಕೇಳಿಯೇ ಕೇಳುತ್ತಾರೆ. 2018ರ ಡಿಸೆಂಬರಿನಲ್ಲಿ ಆರಂಭವಾದ ಮಟ್ಟನ್ನೂರಿನ ಆ ನಿಲ್ದಾಣ ಅವರಿಗೆ ಮಾಕುಟ್ಟ ದಾರಿಯಲ್ಲಿ ಸುಮಾರು 60 ಕಿ.ಮೀ. ಮಾತ್ರ. ಅಲ್ಲಿಂದ ಗಲ್ಫ್‌ಗೆ ಹೋಗುವ ಸಣ್ಣ ವಿಮಾನಗಳ ಹೊಟ್ಟೆ ಚಿಕ್ಕದು, ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಬೇಕು, ಮಳೆಗಾಲದಲ್ಲಿ ಮಾಕುಟ್ಟ ಘಾಟಿಯನ್ನು ನಂಬಿ ಮದುವೆಯ ಹೂ ಒಪ್ಪಿಕೊಳ್ಳುವುದು ಕಷ್ಟ. ಹತ್ತಿಪ್ಪತ್ತು ಪೆಟ್ಟಿಗೆಯವರು ಬೇಸಿಗೆಯಲ್ಲಿ ಪ್ರಯತ್ನಿಸಬಹುದು. ಅಲ್ಲಿಗೇ ಚಾರ್ಟರ್ ತರಿಸುವ ಆಸೆ ಇದ್ದವರಿಗೆ ಒಂದು ಮಾತು: ವಿದೇಶಿ ಕಂಪನಿಗಳ ಸರಕು ಚಾರ್ಟರ್‌ಗಳನ್ನು ಕೇಂದ್ರ ಸರ್ಕಾರ 2020ರಲ್ಲಿ ಬೆಂಗಳೂರು, ಚೆನ್ನೈ, ದೆಹಲಿ, ಕೋಲ್ಕತ್ತ, ಹೈದರಾಬಾದ್, ಮುಂಬೈ ಈ ಆರು ನಿಲ್ದಾಣಗಳಿಗೆ ಸೀಮಿತಗೊಳಿಸಿತು.

ಚಾರ್ಟರ್ ಯಾರಿಗೆ? ಪ್ರಯಾಣಿಕರ ವಿಮಾನದ ಹೊಟ್ಟೆಯೊಳಗೆ ಸುಮಾರು 160 ಸೆಂ.ಮೀ.ಗಿಂತ ಎತ್ತರದ ಸರಕು ಹಿಡಿಯುವುದಿಲ್ಲ. ಹಾಗೆಂದು ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕಕ್ಕೆ ಎರಡು ಮೀಟರ್ ಎತ್ತರದ ಯಂತ್ರ ತರಿಸಲು ಚಾರ್ಟರ್ ಬೇಕಿಲ್ಲ. ವೇಳಾಪಟ್ಟಿಯ ಪ್ರಕಾರವೇ ಓಡಾಡುವ ಸರಕು ವಿಮಾನಗಳಿವೆ, ಅವುಗಳಲ್ಲಿ ಕಿಲೋ ಲೆಕ್ಕದಲ್ಲೇ ಜಾಗ ಸಿಗುತ್ತದೆ. ಸರಕು ವಿಮಾನವೆಂದರೆ ಚಾರ್ಟರ್ ಎಂದು ನಾವೆಲ್ಲ ತಿಳಿದಿದ್ದೆವು, ಅದು ತಪ್ಪು. ಇಡೀ ವಿಮಾನ ತುಂಬುವಷ್ಟು ಸರಕು, ವಿಮಾನವೇ ಹೋಗದ ಊರು, ಅಥವಾ 2020ರ ಮಾರ್ಚ್‌ನಂತೆ ಪ್ರಯಾಣಿಕರ ವಿಮಾನಗಳೆಲ್ಲ ನಿಂತುಹೋದ ಕಾಲ, ಇಂತಹ ಸಂದರ್ಭದಲ್ಲಿ ಚಾರ್ಟರ್‌ಗೆ ಬೆಲೆ ಬರುತ್ತದೆ. ಕೆಂಪು ಸಮುದ್ರದ ದಾಳಿಗಳಿಂದ ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ, ಒಂದು ಕಂಟೇನರ್ ಕಾಫಿಗೆ ಚಾರ್ಟರ್ ಹಿಡಿದರೆ ಹೇಗೆ ಎಂದು ಸೋಮವಾರಪೇಟೆಯ ಸ್ನೇಹಿತರೊಬ್ಬರು ಲೆಕ್ಕ ಹಾಕಿದ್ದರು. 60 ಕಿಲೋದ 320 ಚೀಲ, ಅಂದರೆ 19.2 ಟನ್, 737ಕ್ಕೆ ಸರಿಯಾಗಿ ಹಿಡಿಯುತ್ತದೆ, ಆದರೆ ಆ ಹೊರೆ ಹೊತ್ತು ಅದು ನಡುವೆ ಇಳಿಯದೆ ಇಟಲಿ ಮುಟ್ಟುವುದಿಲ್ಲ, ಬಾಡಿಗೆಯೋ ಕಾಫಿಯ ಲಾಭವನ್ನು ನುಂಗಿ ಅಸಲಿಗೂ ಕೈ ಹಾಕುತ್ತಿತ್ತು. ಕಾಫಿ ಹಡಗಿನಲ್ಲೇ ಹೋಯಿತು, ಎರಡು ವಾರ ತಡವಾಗಿ.

ನನ್ನ ಅಂಕಗಳು: ನಿಗದಿತ ವಿಮಾನ ಸೇವೆಗೆ ಐದಕ್ಕೆ ನಾಲ್ಕು, ಮೊದಲ ಏಜೆನ್ಸಿಯ ಗೋದಾಮಿಗೆ ಒಂದು. ಚಾರ್ಟರನ್ನು ನಾವು ಬಳಸದ ಕಾರಣ ಅದಕ್ಕೆ ಅಂಕವಿಲ್ಲ. ಫೆಬ್ರವರಿ 14ರ ಮುಂಚಿನ ದಿನಗಳಲ್ಲಿ ಬೆಂಗಳೂರಿನ ಗುಲಾಬಿಯೇ ವಿಮಾನದ ಜಾಗವನ್ನೂ ಕೋಲ್ಡ್ ರೂಮನ್ನೂ ಹಿಡಿದುಕೊಳ್ಳುವುದರಿಂದ, ಮುಂದಿನ ಕಂತನ್ನು ಜನವರಿಯ ಮೂರನೇ ವಾರದೊಳಗೆ ಕಳಿಸಲು ಒಪ್ಪಿಕೊಂಡಿದ್ದೇವೆ. 22 ಸೆಂ.ಮೀ. ಎತ್ತರದ ಹೊಸ ಪೆಟ್ಟಿಗೆಗಳು ಈಗಾಗಲೇ ಬಂದು ನಮ್ಮ ಕಣದ ಪಕ್ಕದ ಕೊಠಡಿಯಲ್ಲಿ ಮಡಚಿ ಕೂತಿವೆ.