ಹಿಂದಿನ ಚಕ್ರದ ಗುಂಯ್ ಸದ್ದು ಬರೀ ಟೈರಿಂದು ಅಂತ ನಂಬಬೇಡ್ರಿ

ದುರ್ಗ ದಾವಣಗೆರೆ ಮಧ್ಯ ಹೈವೇಲಿ ಕಾರಲ್ಲಿ ಓಡಾಡೋರು ಇದನ್ನ ಪೂರ್ತಿ ಓದ್ರಿ, ವಯಸ್ಸಾದೋರನ್ನ ಹಿಂದೆ ಕೂರಿಸ್ಕೊಂಡು ಹೋಗೋರಂತೂ ಓದ್ಲೇಬೇಕು. ಚಕ್ರದ ಬೇರಿಂಗ್ (ಚಕ್ರ ಸಲೀಸಾಗಿ ತಿರುಗ್ಲಿ ಅಂತ ಒಳಗಿರೋ ಗೋಲಿಗಳ ಬಳೆ) ಹೋದ್ರೂ ಇದೇ ಸದ್ದು ಬರುತ್ತೆ.

ನಮ್ಮವ್ವನಿಗೆ ತಿಂಗಳಿಗೊಂದ್ಸಲ ದಾವಣಗೆರೇಲಿ ಚೆಕಪ್, ದುರ್ಗದಿಂದ ಹೋಗಿ ಬರೋಕೆ ಸುಮಾರು 120 ಕಿಲೋಮೀಟರ್. ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಕಾರಿನ ಹಿಂದಿಂದ ಒಂಥರಾ ಸದ್ದು ಶುರುವಾಯ್ತು, ದೂರದಲ್ಲಿ ಹಿಟ್ಟಿನ ಗಿರಣಿ ಓಡಿದಂಗೆ. 40ರ ಒಳಗೆ ಏನೂ ಇಲ್ಲ, 60 ದಾಟಿದ್ರೆ ಗುಂಯ್ ಅನ್ನೋದು, 80ಕ್ಕೆ ಹೋದ್ರೆ ಹಿಂದೆ ಕೂತೋರ ಮಾತೇ ಕೇಳಲ್ಲ. ಅವ್ವ ಯಾವಾಗ್ಲೂ ನನ್ನ ಹಿಂದಿನ ಸೀಟಲ್ಲೇ ಕೂರೋದು, ಅವತ್ತೇ ಚಪ್ಪಲಿ ಬಿಚ್ಚಿ ಬರಿಗಾಲು ಕೆಳಗಿಟ್ಟು "ಬಲಗಡೆ ನಡುಕ ಐತೆ ನೋಡಪ್ಪ, ಈ ಕಾಲಿಗೆ ಜುಮ್ ಅಂತೈತೆ ಆ ಕಾಲಿಗಿಲ್ಲ" ಅಂದ್ಲು. ಈ ಮಾತನ್ನ ಗ್ಯಾರೇಜಲ್ಲಿ ಹಂಗೇ ಹೇಳಿದೆ, ಅವರು ಕಿವಿಗೇ ಹಾಕ್ಕೊಳ್ಳಲಿಲ್ಲ.

ಗ್ಯಾರೇಜ್ ಹೆಸರು ಬೇಡ. ಟೈರ್ ಮೇಲೆ ಕೈಯಾಡಿಸಿ "ಅಲೆಅಲೆ ಸವೆದಾವೆ ಸಾರ್, ಅದೇ ಸದ್ದು" ಅಂದ್ರು, ಎರಡು ಹೊಸ ಟೈರ್ ಹಾಕ್ಸಿದೆ, 9,200 ಹೋಯ್ತು. ನಾಲ್ಕು ದಿನ ಕಮ್ಮಿ ಆದಂಗನ್ಸಿತು, ಆಮೇಲೆ ಮತ್ತೆ ಅದೇ. ಎರಡನೇ ಸಲ ಹೋದ್ರೆ ಶಾಕಪ್ಸರ್ ಅಂದ್ರು, ಇನ್ನೂ 6,400. ಎರಡು ಸಲಾನೂ ಕಾರನ್ನ ಜಾಕಿಗೆತ್ತಿ ಚಕ್ರನ ಒಂದ್ಸಲ ಕೈಯಲ್ಲಿ ತಿರುಗಿಸಿ ನೋಡ್ಲಿಲ್ಲ, ನನಗೆ ಈಗಲೂ ಹೊಟ್ಟೆ ಉರಿಯೋದು ಇದಕ್ಕೇ.

ಮುಂದಿನ ಚೆಕಪ್ ಮುಗಿಸಿ ವಾಪಸ್ ಬರ್ತಾ ಇದ್ವಿ, ಕತ್ತಲಾಗಿತ್ತು, ಭರಮಸಾಗರ ದಾಟಿದ್ವಿ ಅಷ್ಟೇ, ಗುಂಯ್ ಅನ್ನೋದು ಹೋಗಿ ಕರಕರ ಅಂತ ಕಬ್ಬಿಣ ಉಜ್ಜಿದಂಗೆ ಶುರುವಾಯ್ತು, ಕಾರಿನ ಹಿಂಭಾಗ ಒಂದ್ಸಲ ಬಲಗಡೆ ಎಳೀತು, ಗ್ರೀಸ್ ಸುಟ್ಟ ವಾಸನೆ ಬೇರೆ. ಹೆಂಗೋ ಎಡಕ್ಕೆ ತಂದು ನಿಲ್ಲಿಸ್ದೆ. ಬಲಗಡೆ ಹಿಂದಿನ ಚಕ್ರದ ಮಧ್ಯಕ್ಕೆ ಬಾಟ್ಲಿ ನೀರು ಚಿಮುಕಿಸಿದ್ರೆ ಚುರ್ ಅಂತು. ಹೈವೇ ಸಹಾಯಕ್ಕೆ 1033ಕ್ಕೆ ಫೋನ್ ಮಾಡಿದೆ (ಈ ನಂಬರ್ ಮೊಬೈಲಲ್ಲಿ ಇಟ್ಕೊಳ್ರಿ), ಗಾಡಿ ಬರೋವರೆಗೂ ಲಾರಿಗಳು ಬಿರ್ ಅಂತ ಪಕ್ಕದಲ್ಲೇ ಹೋಗ್ತಿದ್ರೆ ಅವ್ವ ಸೆರಗು ಹೊದ್ಕೊಂಡು ತಡೆಬೇಲಿ ಆಚೆ ಕಲ್ಲಿನ ಮೇಲೆ ಕೂತಿದ್ಲು, ಒಂದು ಮಾತೂ ಆಡ್ಲಿಲ್ಲ. ಬಂದ ಹುಡುಗ ಜಾಕ್ ಕೊಟ್ಟು ಚಕ್ರನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಟಕ್ ಟಕ್ ಅಂತ ಆಡ್ತು. "ಅಣ್ಣ, ಬೇರಿಂಗ್ ಹೋಗೈತೆ, ಇನ್ನೊಂದಿಷ್ಟು ಓಡಿಸಿದ್ರೆ ಚಕ್ರಾನೇ ಬಿಚ್ಕೊಂತಿತ್ತು" ಅಂದ.

ಮಾರನೇ ದಿನ ದುರ್ಗದಲ್ಲಿ ಒಬ್ಬರು ಹಳೇ ಮೇಸ್ತ್ರಿ ನನ್ನ ಮುಂದೇನೇ ಡ್ರಮ್ ಬಿಚ್ಚಿದ್ರು. ಗ್ರೀಸ್ ಕರ್ರಗೆ ಒಣಗಿ ಹೋಗಿತ್ತು, ಗೋಲಿಗಳು ಕಾವಿಗೆ ನೀಲಿ ತಿರುಗಿದ್ವು, ಅವು ಓಡೋ ಬಳೆ ತುಂಬ ಸಿಡುಬಿನ ಕಲೆ ಥರ ಗುಳಿ. ಸೀಲ್ ಹೋಗಿ ಮಳೆ ನೀರು ಒಳಗೆ ಇಳಿದಿತ್ತಂತೆ. ಹೊಸ ಬೇರಿಂಗ್, ಹೊಸ ನಟ್, ಕೂಲಿ ಎಲ್ಲ ಸೇರಿ 2,300. ಬೇರಿಂಗ್‌ನ ಸುತ್ತಿಗೇಲಿ ಬಡಿದು ಕೂರಿಸ್ಬಾರ್ದು, ಪ್ರೆಸ್ಸಲ್ಲಿ ಒತ್ತಿಸ್ಬೇಕು, ಬಡಿದ್ರೆ ಗೋಲಿ ಬಳೆಗೆ ಪೆಟ್ಟಾಗಿ ಹೊಸದೂ ಬೇಗ ಸದ್ದು ಮಾಡುತ್ತೆ ಅಂತಾನೂ ಅವರೇ ಹೇಳಿದ್ದು.

ನೀವೇ ನೋಡ್ಕೊಳ್ಳೋದು ಹೆಂಗೆ ಅಂದ್ರೆ, ಖಾಲಿ ನೇರ ರಸ್ತೇಲಿ ಸದ್ದು ಬರೋ ಸ್ಪೀಡಲ್ಲಿ ಎರಡು ಸೆಕೆಂಡ್ ಕ್ಲಚ್ ಒತ್ರಿ, ಇಂಜಿನ್ ಓಟ ಇಳಿದ್ರೂ ಸದ್ದು ಹಂಗೇ ಇದ್ರೆ ಅದು ಇಂಜಿನ್‌ದಲ್ಲ, ಚಕ್ರದ ಕಡೇದು. ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ಬೀಳುತ್ತೆ, ಆಗ ಸದ್ದು ಜಾಸ್ತಿ ಆದ್ರೆ ಹೆಚ್ಚಾಗಿ ಬಲಗಡೆ ಬೇರಿಂಗ್ ಮೇಲೇ ಅನುಮಾನ ಪಡ್ಬೇಕು. ಡಾಂಬರಿಂದ ಕಾಂಕ್ರೀಟಿಗೆ ಬಂದಾಗ ಸದ್ದಿನ ಥರಾನೇ ಬದಲಾದ್ರೆ ಟೈರ್ ಇರಬಹುದು, ಅದಕ್ಕೂ ಹೊಸ ಟೈರ್ ಕೊಳ್ಳೋ ಮುಂಚೆ ಹಿಂದಿನವನ್ನ ಮುಂದಕ್ಕೆ ಹಾಕ್ಸಿ ನೋಡ್ರಿ, ಸದ್ದೂ ಮುಂದಕ್ಕೆ ಬಂದ್ರೆ ಟೈರು, ಹಿಂದೇನೇ ಉಳಿದ್ರೆ ಅಲ್ಲ. ನಾನು ಇಷ್ಟು ಮಾಡಿದ್ರೆ 15,600 ಉಳೀತಿತ್ತು. ಗ್ಯಾರೇಜಲ್ಲಿ ಹಿಂದಿನ ಎರಡೂ ಚಕ್ರ ಎತ್ತಿಸಿ, ಒಂದು ಕೈ ಆ ಚಕ್ರದ ಪಕ್ಕದ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ತಿರುಗಿಸಿ ನೋಡ್ರಿ, ಹಾಳಾದ ಕಡೆ ಸ್ಪ್ರಿಂಗಲ್ಲಿ ಮರಳು ಅರೆದಂಗೆ ಕೈಗೆ ಗೊತ್ತಾಗುತ್ತೆ. ಇದನ್ನ ಮಾಡಲ್ಲ ಅನ್ನೋ ಕಡೆ ದುಡ್ಡು ಬಿಚ್ಚಬೇಡ್ರಿ.

ಆ ಮೊದಲಿನ ಗ್ಯಾರೇಜಿಗೆ ಹಾಳಾದ ಬೇರಿಂಗ್ ತಗೊಂಡೇ ಹೋಗಿದ್ದೆ. "ಅವಾಗ ಚೆನ್ನಾಗಿತ್ತು ಸಾರ್, ಆಮೇಲೆ ಹೋಗಿರ್ಬೇಕು" ಅಂದ್ರು. ನನ್ನ ಹಳೇ ಶಾಕಪ್ಸರ್ ಕೊಡ್ರಿ, ನಿಜವಾಗ್ಲೂ ಹೋಗಿತ್ತಾ ತೋರಿಸ್ತೀನಿ ಬೇರೆಯವರಿಗೆ ಅಂದೆ, ಗುಜರಿಗೆ ಹಾಕಿ ಆಯ್ತು ಅಂದ್ರು. ಬಿಚ್ಚಿದ ಸಾಮಾನು ಅವತ್ತೇ ಕೇಳಿ ಡಿಕ್ಕೀಲಿ ಹಾಕಿಸ್ಕೊಳ್ರಿ.